ಎರಡು ಗಿಡ್ಡ, ಒಂದು ಉದ್ದ ಹಾರ್ನು

ಅನಂತಪುರ, ಕುಂಬಳೆ
11 ಆಗಸ್ಟ್ 2024

ಪೂಜ್ಯ ಸಭಾಧ್ಯಕ್ಷರೇ, ಪಶ್ಚಿಮ ಘಟ್ಟಗಳ ಮಾನ್ಯ ದೊರೆಗಳೇ, ಹೇರ್‌ಪಿನ್ ತಿರುವುಗಳ ಸಮಸ್ತ ಸದಸ್ಯರೇ, ಚೆಕ್‌ಪೋಸ್ಟುಗಳಲ್ಲಿ ಆಕಳಿಸುತ್ತ ಕುಳಿತಿರುವ ಮಹನೀಯರೇ, ಮತ್ತು ಹಿಂದಿನ ಸಾಲಿನಲ್ಲಿ ಸೌಟು ಹಿಡಿದುಕೊಂಡು ನಿಂತಿರುವ ಶ್ರೀಮತಿ ರೀನಾ ಅವರೇ,

ಈ ದಿನ ತಮ್ಮ ಮುಂದೆ ಒಂದು ಮಹಾಯೋಜನೆಯನ್ನು ಮಂಡಿಸಲು ನನಗೆ ಅಪಾರ ಹರ್ಷವಾಗುತ್ತಿದೆ. ಇಲ್ಲಿನ ಕೈಗಾರಿಕಾ ಎಸ್ಟೇಟಿನ ಶೆಡ್ಡೊಂದರಲ್ಲಿ ಮೂವತ್ತೆರಡು ಅಡಿ ಉದ್ದದ ಫೈಬರ್ ಬೋಟು ಹುಟ್ಟಿ ಬೆಳೆಯುತ್ತಿದೆ. ಅಲೆಯ ಸದ್ದು ಕೇಳುವಷ್ಟು ಹತ್ತಿರ ಹುಟ್ಟಿದರೂ ಇದಕ್ಕೆ ಸಮುದ್ರಯೋಗವಿಲ್ಲ. ಇದರ ಹಣೆಯಲ್ಲಿ ಬರೆದಿರುವುದು ಗುಜರಾತಿನ ಉಕಾಯ್ ಅಣೆಕಟ್ಟಿನ ಹಿನ್ನೀರು. ಅಲ್ಲಿ ಈ ದಡದ ಜನರನ್ನು ಆ ದಡಕ್ಕೆ ದಾಟಿಸುವ ಕೆಲಸವಂತೆ. ದಾಟಲಿಕ್ಕೆ ಮೂರು ರಾಜ್ಯ, ಲೆಕ್ಕವಿಲ್ಲದಷ್ಟು ಘಟ್ಟ. ಬೋಟನ್ನು ಲಾರಿಯ ಮೇಲೆ ಮಲಗಿಸಿ ಅಲ್ಲಿಗೆ ಮುಟ್ಟಿಸುವುದು ನಮ್ಮ ಟ್ರಾನ್ಸ್‌ಪೋರ್ಟಿನ ಹೊಣೆ. ಯಾವ ದಾರಿ, ಯಾವ ತಿರುವು, ಎಲ್ಲಿ ಕರೆಂಟಿನ ತಂತಿ ಜೋತು ಬಿದ್ದಿದೆ ಎಂದು ಪ್ಲಾನ್ ಮಾಡುವ ಹೊಣೆ, ಸಭಿಕರು ಚಪ್ಪಾಳೆ ತಟ್ಟಬೇಕು, ನನ್ನದು.

ಹೌದು ರೀನಾ, ಮಾಲಕ ಮುರಳೀಕೃಷ್ಣರು ನನಗೆ ಒಂದು ಮೇಜು, ಒಂದು ಕುರ್ಚಿ, ಅಲುಗಾಡುವ ಒಂದು ಫ್ಯಾನು ಕೊಟ್ಟಿದ್ದಾರೆ. ಜೂನ್ ತಿಂಗಳಿಂದ ನಾನು ಇಲ್ಲಿನ 'ರೂಟ್ ಪ್ಲಾನರ್'. "ನಮ್ಮ ಡ್ರೈವರುಗಳಲ್ಲಿ ಬಿ.ಎ. ಮಾಡಿದವ ನೀನೊಬ್ಬನೇ ಇರುವುದು ಮಾರಾಯ, ಕೂತ್ಕೊ" ಅಂದರು. ಕೂತೆ.

ಇದನ್ನೆಲ್ಲ ಭಾನುವಾರದ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಗುಡ್ಡೆಗೆ ಸಿಗ್ನಲ್ ಬರುವುದು ಹಾಸ್ಟೆಲಿನ ಆಫೀಸಿನ ಒಂದೇ ಒಂದು ಕಿಟಕಿಗೆ. ಆ ಕಿಟಕಿಯ ಪಕ್ಕ ನಿನ್ನ ಅಕ್ಕ ಸಿಸ್ಟರ್ ಜೋಸ್ಫಿನ್ ಜಪಮಾಲೆ ಹಿಡಿದು ಕೂತಿರುತ್ತಾರೆ. ಅವರ ಎದುರು "ಊಟ ಆಯ್ತಾ, ಮಳೆ ಉಂಟಾ" ಎಂಬುದಕ್ಕಿಂತ ಮುಂದೆ ನಮ್ಮ ಮಾತು ಹೋದದ್ದು ನನಗೆ ನೆನಪಿಲ್ಲ. ಅದಕ್ಕೇ ಪತ್ರ. ಮನೆಗೆ ಕೊಂಕಣಿ, ಪೇಟೆಗೆ ಮಲಯಾಳ, ಜಗಳಕ್ಕೆ ತುಳು ಇಟ್ಟುಕೊಂಡ ನಮಗೆ ಕನ್ನಡ ಶಾಲೆಯಲ್ಲಿ ಕಲಿತದ್ದು ಪತ್ರಕ್ಕಾದರೂ ಉಪಯೋಗಕ್ಕೆ ಬರಲಿ.

ಈಗ ಮುಖ್ಯ ವಿಷಯ. ಮುಂಬೈ, ಸೂರತ್ ಮೂಲಕ ಹೋದರೆ ದಾರಿ ಸಪಾಟು ಎಂದು ತಿಳಿದವರು ಹೇಳುತ್ತಾರೆ. ತಿಳಿದವರ ಮಾತು ಕೇಳುವ ಅಭ್ಯಾಸ ನನಗಿಲ್ಲ. ನನ್ನ ಪ್ಲಾನು ಹೀಗೆ: ಅಂಕೋಲದವರೆಗೆ ಕರಾವಳಿ, ಅಲ್ಲಿಂದ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ, ಕೊಲ್ಹಾಪುರ, ಖಂಬಾಟಕಿ ಘಟ್ಟ, ಪುಣೆ, ನಾಸಿಕ್. ನಾಸಿಕ್ ಆದ ಮೇಲೆ ಸಾಪುತಾರಾ ಗುಡ್ಡೆ. ಅದನ್ನು ಇಳಿಯುವಾಗ ಬಲಬದಿಯಲ್ಲಿ ಒಂದು ಹೆಣ್ಣುಮಕ್ಕಳ ಹಾಸ್ಟೆಲು, ಹಾಸ್ಟೆಲಿಗೊಂದು ಅಡುಗೆಮನೆ, ಅಡುಗೆಮನೆಗೊಂದು ಜಗಲಿ.

ಅರಬೈಲು ಹತ್ತಿದೆ, ಖಂಬಾಟಕಿ ದಾಟಿದೆ,
ನಕ್ಷೆಯಲ್ಲಿ ಬೆರಳಿಟ್ಟು ನಿನ್ನ ಮನೆ ಮುಟ್ಟಿದೆ.

ನಿಮ್ಮ ಹಾಸ್ಟೆಲಿನ ಕೆಳಗೆ ಒಂದು ತಿರುವು ಉಂಟಲ್ಲ, ಅದರದ್ದೇ ಚಿಂತೆ. ಉದ್ದದ ಗಾಡಿ ಒಂದೇ ಏಟಿಗೆ ತಿರುಗುತ್ತದೋ ಹಿಂದೆ ಮುಂದೆ ಮಾಡಬೇಕೋ ನಕ್ಷೆ ಹೇಳುವುದಿಲ್ಲ. ಒಮ್ಮೆ ಇಳಿದು ನೋಡಿ ರಸ್ತೆ ಎಷ್ಟು ಅಗಲ ಎಂದು ಬರೆಯುತ್ತೀಯಾ?

ಇತಿ, ಸಭೆಯ ವಿನಮ್ರ ಸೇವಕ,
ಒಸ್ವಾಲ್ಡ್

*

ಸಾಪುತಾರಾ ಇಳಿಜಾರು, ಡಾಂಗ್ ಜಿಲ್ಲೆ
25 ಆಗಸ್ಟ್ 2024

ಪ್ರೀತಿಯ ಒಸ್ವಾಲ್ಡ್,

ನಿನ್ನ ಸಭೆಗೆ ನನ್ನ ನಮಸ್ಕಾರ. ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದಕ್ಕೆ ಬೇಜಾರಿಲ್ಲ. ಭಾನುವಾರದ ಪೂಜೆಗೆ ಇಗರ್ಜಿಯಲ್ಲಿ ನೀನು ಯಾವಾಗಲೂ ಅಲ್ಲಿಯೇ ಅಲ್ಲವಾ ನಿಲ್ಲುವುದು.

ಮೊದಲು ಅಳತೆ. ಟೇಪು ಸಿಗಲಿಲ್ಲ. ಬಾವಿಯ ಹಳೆಯ ಹಗ್ಗ ತೆಗೆದುಕೊಂಡು ಹೋದೆ. ತಿರುವಿನ ಒಳಬದಿಯ ಕಲ್ಲಿನಿಂದ ಹೊರಬದಿಯ ತಡೆಗೋಡೆಯವರೆಗೆ ಮೂರು ಕಡೆ ಹಿಡಿದು ನೋಡಿ ಮೂರು ಗಂಟು ಹಾಕಿದ್ದೇನೆ. ಒಂದು ಬಸ್ಸಿನವನು ನಿಲ್ಲಿಸಿ "ರೀನಾಬೆನ್, ರಸ್ತೆ ಮಾರಾಟಕ್ಕೆ ಉಂಟಾ?" ಎಂದು ಕೇಳಿದ. ಅಡಿಯೋ ಮೀಟರೋ ನನಗೆ ಗೊತ್ತಿಲ್ಲ. ಹಗ್ಗವನ್ನೇ ಪಾರ್ಸೆಲ್ ಮಾಡಿದ್ದೇನೆ. ನೀನೇ ಹಾಸಿ ನೋಡು. ಆದರೆ ವಾಪಸು ಕಳಿಸಬೇಕು. ಅಕ್ಕ ಈಗಲೇ "ಹಗ್ಗ ಎಲ್ಲಿ, ಹಗ್ಗ ಎಲ್ಲಿ" ಎಂದು ಶುರು ಮಾಡಿದ್ದಾಳೆ.

ಅಕ್ಕನ ಸೊಂಟದ ಮೂಳೆ ಪೂರ್ತಿ ಕೂಡಿದೆ. ಕೋಲು ಬಿಟ್ಟು ನಡೆಯುತ್ತಾಳೆ. ಅವಳು ಬಿದ್ದಾಗ "ಒಂದು ವರ್ಷ ಅಡುಗೆಮನೆ ನೋಡಿಕೊ" ಎಂದು ಕರೆದದ್ದು. ಆ ಒಂದು ವರ್ಷ ಮುಗಿದು ಎರಡನೆಯ ಮಳೆಗಾಲವೂ ಮುಗಿಯುತ್ತಾ ಬಂತು. ಹುಡುಗಿಯರು ಒಲೆಯ ಸುತ್ತ ಕೂತು ನಾಗ್ಲಿ ರೊಟ್ಟಿ ತಟ್ಟಲು ಕಲಿಸಿದರು. ನಾಗ್ಲಿ ಎಂದರೆ ನಮ್ಮ ರಾಗಿಯೇ. ನನ್ನ ರೊಟ್ಟಿ ಈಗಲೂ ಗುಜರಾತಿನ ನಕ್ಷೆಯ ಹಾಗೆ ಬರುತ್ತದೆ, ಅವರು ನಗುತ್ತಾರೆ. ನಮಗೆ ಮಕ್ಕಳಾಗಲಿಲ್ಲ ಎಂದು ಊರಿನಲ್ಲಿ, ನಮ್ಮ ಮೊಗ್ರಾಲಿನಲ್ಲಿ, ಎಷ್ಟು ಮಂದಿ ಎಷ್ಟು ಮರುಕಪಟ್ಟರು. ಇಲ್ಲಿ ಒಂದೇ ಸಲಕ್ಕೆ ಒಂದು ಹಾಸ್ಟೆಲು ತುಂಬ ಸಿಕ್ಕಿದ್ದಾರೆ, ಎಲ್ಲರಿಗೂ ಒಟ್ಟಿಗೆ ಹೇನು.

ನೀನು ಮೇಜಿಗೆ ಏರಿದ್ದು ಕೇಳಿ ಖುಷಿಯಾಯಿತು. ಅಂತೂ ಬಿ.ಎ. ಉಪಯೋಗಕ್ಕೆ ಬಂತು. ಆದರೆ ಅಕ್ಷರ ಯಾಕೆ ಇಷ್ಟು ದೊಡ್ಡ ಬರೆಯುವುದು? ಒಂದು ಪುಟದಲ್ಲಿ ಹತ್ತು ಸಾಲೂ ಇಲ್ಲ, ಅದೂ ಎಲ್ಲ ಕೆಳಗೆ ಜಾರುತ್ತಿವೆ, ಬ್ರೇಕ್ ಇಲ್ಲದ ಗಾಡಿಯ ಹಾಗೆ. ನಾನು ಮುದುಕಿಯಾದೆ ಎಂದು ದೊಡ್ಡದಾಗಿ ಬರೆಯುವುದಾ, ಇಲ್ಲ ಆಫೀಸಿನ ಕಾಗದ ಪುಕ್ಕಟೆ ಎಂದಾ? ನಾನೂ ಒಂದು ಪ್ರಾಸ ಕಟ್ಟಿದ್ದೇನೆ, ನಿನ್ನ ಲಾರಿಯ ಹಿಂದೆ ಬರೆಸು:

ಬಿ.ಎ. ಓದಿದ ಡ್ರೈವರಪ್ಪ,
ಬ್ರೇಕು ಸಣ್ಣ, ಬಾಯಿ ದಪ್ಪ.

ನೀನು ಬರುವ ದಿನ ಮೊದಲೇ ಗೊತ್ತಾದರೆ ಒಳ್ಳೆಯದು. ನೀನು ಕಳಿಸಿದ ಕುಚ್ಚಲಕ್ಕಿ ಒಂದು ಡಬ್ಬ ಉಳಿಸಿ ಇಟ್ಟಿದ್ದೇನೆ. ಇಲ್ಲಿನ ಕಾನ್ವೆಂಟಿನ ಹೊಸ ಮದರ್ ನನ್ನನ್ನು ಕರೆದು ಒಂದು ವಿಷಯ ಕೇಳಿದ್ದಾರೆ. ಅದು ಇನ್ನೊಮ್ಮೆ ಬರೆಯುತ್ತೇನೆ.

ನಿನ್ನ,
ರೀನಾ

*

ಅನಂತಪುರ
14 ಸೆಪ್ಟೆಂಬರ್ 2024

ಸಭಾಸದರೇ, ಮತ್ತು ಹಗ್ಗದ ದಾನಿಗಳಾದ ಶ್ರೀಮತಿಯವರೇ,

ಹಗ್ಗ ತಲುಪಿತು. ಬಿಚ್ಚಿದ ಕೂಡಲೇ ಹೊಗೆಯ ವಾಸನೆ, ಅಡುಗೆಮನೆಯ ವಾಸನೆ. ಆಫೀಸಿನ ಹುಡುಗಿ ಅಮ್ಮು "ಒಸ್ವಾಲ್ಡ್ ಅಂಕಲ್, ಎಂತ ಹಗ್ಗವನ್ನು ಮೂಸಿ ನೋಡುವುದು?" ಎಂದು ಕೇಳಿದಳು. "ಗುಣಮಟ್ಟ ಪರೀಕ್ಷೆ" ಎಂದು ಹೇಳಿ ಮಾನ ಉಳಿಸಿಕೊಂಡೆ.

ಮಳೆ ಬಿಟ್ಟ ದಿನ ಯಾರ್ಡಿನಲ್ಲಿ ನಿನ್ನ ತಿರುವನ್ನು ಕಟ್ಟಿದೆವು. ಕೆಂಪು ಮಣ್ಣಿನ ಮೇಲೆ ಗಂಟಿನ ಲೆಕ್ಕಕ್ಕೆ ಹಗ್ಗ ಹಾಸಿ ಸುಣ್ಣದ ಗೆರೆ ಎಳೆದು, ಹೊರಬದಿಗೆ ತಡೆಗೋಡೆಯೆಂದು ಹಳೆಯ ಟಯರು ಸಾಲಾಗಿಟ್ಟೆವು. ಒಳಬದಿಯ ಕಲ್ಲಿನ ಜಾಗದಲ್ಲಿ ನಾನು ನಿಂತೆ. ನೀನು ಹಗ್ಗದ ತುದಿ ಹಿಡಿದು ನಿಂತದ್ದು ಅಲ್ಲಿಯೇ ಅಲ್ಲವಾ? ಬೋಜ ಉದ್ದದ ಗಾಡಿ ತಂದು ತಿರುಗಿಸಿದ. ನಮ್ಮ ಹಳೆಯ ಕ್ಲೀನರ್ ಬೋಜನೇ. ಈಗ ದೊಡ್ಡ ಡ್ರೈವರು, ಮೀಸೆಯೂ ಉಂಟು, ಆದರೆ ನಾನು ಅವನಿಗೆ ಈಗಲೂ ಪೊರ್ಬುಲು. ಮೊದಲ ಸಲ ಎರಡು ಟಯರು ಪ್ರಪಾತಕ್ಕೆ ಬಿದ್ದವು. ಎರಡನೆಯ ಸಲ ಹಿಂದಿನ ಚಕ್ರ ನನ್ನ ಕಾಲಿನ ಹತ್ತಿರದಿಂದ ಹೋಯಿತು, ಬೋಜ ಕೂಗಿದ:

"ಪೊರ್ಬುಲೇ, ಆಚೆ ನಿಲ್ಲಿ! ನೀವು ಕಲ್ಲಲ್ಲ!"

"ಕಲ್ಲು ಸರಿಯುವುದಿಲ್ಲ ಮಾರಾಯ, ನೀನು ಸರಿಯಾಗಿ ತಿರುಗಿಸು" ಎಂದೆ.

ಮೂರನೆಯ ಸಲ ತಿರುಗಿತು. ಹಿಂದೆ ಮುಂದೆ ಮಾಡುವುದು ಬೇಡ, ಸೈಕಲ್ ಹೋಗುವಷ್ಟು ನಿಧಾನ ಹೋದರೆ ಒಂದೇ ಏಟಿಗೆ ಬರುತ್ತದೆ. ನಿನ್ನ ಮೂರು ಗಂಟು ಮೂರು ರಾಜ್ಯದ ನಕ್ಷೆಗಿಂತ ಮೇಲು ಎಂದು ಸಭೆಯು ಒಮ್ಮತದಿಂದ ನಿರ್ಣಯಿಸಿದೆ.

ಮುರಳೀಕೃಷ್ಣರು ಮಾತ್ರ ನಕ್ಷೆ ನೋಡಿ ತಲೆ ತುರಿಸಿಕೊಂಡರು. "ಒಸ್ವಾಲ್ಡ್, ಸೂರತ್ ದಾರಿ ಬಿಟ್ಟು ಈ ಗುಡ್ಡೆ ಹತ್ತುವುದು ಎಂತದಕ್ಕೆ?" ಮುಂಬೈ ಸುತ್ತಮುತ್ತ ದೊಡ್ಡ ಗಾಡಿಗೆ ಹಗಲಿನ ಪ್ರವೇಶವಿಲ್ಲ, ಬೋಟಿನ ಎತ್ತರಕ್ಕೆ ಕೆಳಗಿನ ತಂತಿಗಳ ತೊಂದರೆ ಎಂದು ನಾನು ಒಂದು ಭಾಷಣ ಮಾಡಿದೆ. ಅವರು ನನ್ನ ಮುಖವನ್ನೇ ನೋಡಿ, "ಆಯ್ತು, ಹತ್ತಲಿ" ಎಂದರು. ಅವರಿಗೆ ಎಂತ ಅರ್ಥವಾಯಿತೋ.

ಬೋಟಿನ ಹಿಂಭಾಗಕ್ಕೆ ಬಟ್ಟೆಯ ಬ್ಯಾನರು ಕಟ್ಟಬೇಕು, ಪ್ರಾಸ ಸಿದ್ಧವಾಗಿದೆ:

ನೀರಿಲ್ಲದೆ ತೇಲುತ್ತಿದ್ದೇನೆ, ನೋಡಿ;
ಹಿಂದಿನಿಂದ ಹಾರ್ನ್ ಹೊಡೆಯಬೇಡಿ.

ಹಾರ್ನಿನ ಮಾತು ಬಂತು. ಮೊಗ್ರಾಲಿನ ಮನೆಯ ಎದುರು ಎರಡು ಗಿಡ್ಡ, ಒಂದು ಉದ್ದ ಹಾರ್ನು ಕೇಳಿದ ಕೂಡಲೇ ನೀನು ಬಾಳೆ ಎಲೆಯ ಪೊಟ್ಟಣ ಹಿಡಿದು ಹೆದ್ದಾರಿಯ ಬದಿಗೆ ಓಡಿ ಬರುತ್ತಿದ್ದದ್ದು. ಗಾಡಿ ನಿಲ್ಲಿಸದೆ ಕಿಟಕಿಯಿಂದ ಕೈ ಚಾಚಿದರೆ ಬಿಸಿ ಅನ್ನ, ಬಂಗುಡೆ ಸಾರು ಕೈಗೆ. ಮಂಗಳೂರು ದಾಟುವವರೆಗೆ ಕ್ಯಾಬಿನ್ನು ತುಂಬ ಅದರದ್ದೇ ಪರಿಮಳ. ಈಗ ಹೆದ್ದಾರಿ ಆರು ಪಥವಾಗಿದೆ. ನಮ್ಮ ಮನೆಗೂ ಗಾಡಿಗಳಿಗೂ ನಡುವೆ ಆಳೆತ್ತರದ ಗೋಡೆ. ಅದಿರಲಿ. ನಿಮ್ಮ ತಿರುವಿನಲ್ಲಿಯೂ ಅದೇ ಹಾರ್ನು ಕೇಳಿಸುತ್ತದೆ. ಆದರೆ ನೀನು ಕೆಳಗೆ ಇಳಿಯುವುದು ಬೇಡ. ಇಳಿಜಾರು, ಭಾರದ ಗಾಡಿ, ನಿಲ್ಲಿಸಲಿಕ್ಕಾಗುವುದಿಲ್ಲ. ಜಗಲಿಯಲ್ಲಿ ನಿಂತು ಬಿಳಿ ಬಟ್ಟೆ ಬೀಸು, ಸಾಕು.

ಒಸ್ವಾಲ್ಡ್

*

ಸಾಪುತಾರಾ ಇಳಿಜಾರು
30 ಸೆಪ್ಟೆಂಬರ್ 2024

ಪ್ರೀತಿಯ ಒಸ್ವಾಲ್ಡ್,

ಬಿಳಿ ಬಟ್ಟೆ ಬೀಸಲು ನಾನೇನು ರೈಲ್ವೆ ಗಾರ್ಡಾ? ಮೊಗ್ರಾಲಿನ ಹೆದ್ದಾರಿಯಲ್ಲಿ ಅಷ್ಟು ವರ್ಷ ಗಾಡಿ ನಿಲ್ಲಿಸದೆಯೇ ಪೊಟ್ಟಣ ಕೊಟ್ಟವಳು ನಾನು. ಸೈಕಲ್ ಹೋಗುವಷ್ಟು ನಿಧಾನ ಎಂದು ನೀನೇ ಬರೆದಿದ್ದಿ. ಸೈಕಲಿನವನಿಗೆ ಊಟ ಕೊಡಲು ನನಗೆ ಬರುವುದಿಲ್ಲವಾ? ಒಂದೂವರೆ ವರ್ಷವಾಯಿತು, ಒಸ್ವಾಲ್ಡ್. ಕಿಟಕಿಯಿಂದ ಬರುವ ಕೈಯಾದರೂ ಸಾಕು ಎಂದುಕೊಂಡಿದ್ದೆ.

ಮತ್ತೆ, ಯಾರ್ಡಿನಲ್ಲಿ ಗಾಡಿ ತಿರುಗಿಸಿದ್ದು ಬೋಜ ಯಾಕೆ? ನೀನು ಓಡಿಸುವ ಗಾಡಿಯನ್ನು ನೀನಲ್ಲವಾ ತಿರುಗಿಸಿ ನೋಡಬೇಕಾದದ್ದು? ಮೇಜಿಗೆ ಏರಿದ ಮೇಲೆ ದೊಡ್ಡ ಜನವಾದೆ ಎಂದು ಕಾಣುತ್ತದೆ.

ಮದರ್ ಕೇಳಿದ್ದನ್ನು ಬರೆಯುತ್ತೇನೆ ಎಂದಿದ್ದೆ. ನೀನು ಕೇಳಲಿಲ್ಲ, ಆದರೂ ಬರೆಯುತ್ತೇನೆ. ಹಾಸ್ಟೆಲಿನ ಮೇಟ್ರನ್ ಆಗಿ ಇಲ್ಲಿಯೇ ಖಾಯಂ ಉಳಿಯುತ್ತೀಯಾ ಎಂದು ಅವರು ಕೇಳುತ್ತಿದ್ದಾರೆ. ಕ್ರಿಸ್ಮಸ್ಸಿನ ಮೊದಲು ಹೇಳಬೇಕು. ಅಕ್ಕ ಆಗಲೇ ನನ್ನ ಕೋಣೆಗೆ ಹೊಸ ಪರದೆ ಹೊಲಿಸಿದ್ದಾಳೆ. ಹುಡುಗಿಯರಿಗೆ ಯಾರು ಹೇಳಿದರೋ, ಒಬ್ಬಳು ಬಂದು ನನ್ನ ಸೆರಗು ಹಿಡಿದು, "ರೀನಾಬೆನ್, ನಿನ್ನ ಊರಲ್ಲಿ ನಿನಗೆ ಎಂತ ಕೆಲಸ ಉಂಟು?" ಎಂದು ಕೇಳಿದಳು. ಅವಳ ತಲೆಗೆ ಎಣ್ಣೆ ಹಚ್ಚಿ ಕಳಿಸಿದೆ.

ನೀನು ಎಂತ ಹೇಳುತ್ತಿ? ಸಭೆಯ ಹತ್ತಿರ ಕೇಳಬೇಡ. ನೀನು ಹೇಳು.

ರೀನಾ

ಹಗ್ಗ ಇನ್ನೂ ಬಂದಿಲ್ಲ.

*

ಅನಂತಪುರ
27 ಅಕ್ಟೋಬರ್ 2024

ಸಭಾಸದರೇ,

ಉತ್ತರ ತಡವಾಯಿತು. ಬೋಟಿಗೆ ಬಣ್ಣ ಹಚ್ಚುವ ಗಡಿಬಿಡಿ, ಪರ್ಮಿಟ್ಟಿನ ಗಡಿಬಿಡಿ. ಮೇಲೆ ನೀಲಿ, ಕೆಳಗೆ ಬಿಳಿ ಎಂದು ನಿರ್ಣಯವಾಗಿತ್ತು. ಪೇಂಟರು ಮೇಲೆ ಬಿಳಿ, ಕೆಳಗೆ ನೀಲಿ ಹಚ್ಚಿದ. ಆಕಾಶ ಕೆಳಗೆ ಬಂದಿದೆ ಎಂದು ಸುಧಾರಿಸಿಕೊಂಡೆವು.

ಮೇಟ್ರನ್ ವಿಷಯ. ಒಳ್ಳೆಯದೇ ಅಲ್ಲವಾ? ಆ ಮಕ್ಕಳಿಗೆ ನೀನು ಬೇಕು. ನಿನ್ನ ಪತ್ರದಲ್ಲಿ ಅವರ ಮಾತು ಬಂದಲ್ಲೆಲ್ಲ ನೀನು ನಗುತ್ತ ಬರೆದದ್ದು ಗೊತ್ತಾಗುತ್ತದೆ. ಇಲ್ಲಿ ನನಗೆ ಯಾವ ಕಷ್ಟವೂ ಇಲ್ಲ. ಅನ್ನ ನಾನೇ ಮಾಡುತ್ತೇನೆ, ಮೀನಿನವಳು ಗೋಡೆಯ ಆಚೆಯಿಂದಲೇ ಕರೆಯುತ್ತಾಳೆ, ಸಂಜೆ ಕುಂಬಳೆಯಿಂದ ಬಸ್ಸು ಸಿಗುತ್ತದೆ. ನೀನು ನನ್ನ ಬಗ್ಗೆ ಯೋಚಿಸಬೇಡ. ನಿನಗೆ ಸರಿ ಕಂಡದ್ದು ಮಾಡು.

ತಿರುವಿನ ವಿಷಯ ಮತ್ತೊಮ್ಮೆ: ಜಗಲಿಯಲ್ಲಿಯೇ ಇರು. ಕೆಳಗೆ ಬರಬೇಡ.

ದೋಣಿಗೆ ದಾರಿ, ದಾರಿಗೆ ಲಾರಿ,
ತಡವಾದರೆ ಎಲ್ಲರಿಗೂ ಸಾರಿ.

ಒಸ್ವಾಲ್ಡ್

*

ಸಾಪುತಾರಾ ಇಳಿಜಾರು
10 ನವೆಂಬರ್ 2024

ಒಸ್ವಾಲ್ಡ್,

ಪತ್ರ ತಲುಪಿತು. ನನಗೆ ಸರಿ ಕಂಡದ್ದು ಮಾಡಲು ಹೇಳಿದ್ದಕ್ಕೆ ಉಪಕಾರ.

ಯಾವತ್ತಿನಿಂದ ನೀನು ಬಸ್ಸಿನಲ್ಲಿ ಮನೆಗೆ ಹೋಗುವುದು? ಬೈಕಿಗೆ ಎಂತ ಆಯಿತು?

ಇಲ್ಲಿ ಚಳಿ ಶುರುವಾಗಿದೆ. ಬೋಟು ಯಾವಾಗ ಹೊರಡುತ್ತದೆ ಎಂದು ತಿಳಿಸು. ಬಟ್ಟೆ ಒಗೆದು ಇಟ್ಟಿದ್ದೇನೆ.

ರೀನಾ

*

ಅನಂತಪುರ
18 ನವೆಂಬರ್ 2024

ಸಭಾಧ್ಯಕ್ಷರೇ, ದೊರೆಗಳೇ, ಸದಸ್ಯರೇ,

ಕೊನೆಗೂ ಮುಹೂರ್ತ ನಿಶ್ಚಯವಾಗಿದೆ. ಬರುವ ಸೋಮವಾರ ಬೋಟು ಹೊರಡುತ್ತದೆ. ಮೊದಲ ರಾತ್ರಿ ಅಂಕೋಲದಲ್ಲಿ ತಂಗುವುದು, ಅರಬೈಲು ಹತ್ತುವುದು ಬೆಳಕು ಬಿಟ್ಟ ಮೇಲೆ. ಹುಬ್ಬಳ್ಳಿಯಲ್ಲಿ ಕಟ್ಟಿದ ಬೆಲ್ಟುಗಳನ್ನು ಇನ್ನೊಮ್ಮೆ ಬಿಗಿಯುವುದು. ಖಂಬಾಟಕಿಯಲ್ಲಿ ಬ್ರೇಕು ತಣಿಯಲು ಬಿಡುವುದು, ಅಲ್ಲಿ ಚಹಾ ಕುಡಿಯದಿರುವುದು. ಅದು ಚಹಾ ಅಲ್ಲ. ನಾಸಿಕ್ ದಾಟಿ ವಣಿಯಲ್ಲಿ ಮಲಗಿ, ಬೆಳಿಗ್ಗೆ ಸಾಪುತಾರಾ. ಶನಿವಾರ, ನಿಮ್ಮ ಹುಡುಗಿಯರು ತಿಂಡಿ ತಿನ್ನುವ ಹೊತ್ತಿಗೆ, ನಿಮ್ಮ ತಿರುವು. ಕ್ಯಾಬಿನ್ನಿನ ಮೇಲೆ ಒಬ್ಬ ಕವಲುಕೋಲು ಹಿಡಿದು ಕೂತಿರುತ್ತಾನೆ, ತಂತಿ ಅಡ್ಡ ಬಂದರೆ ಎತ್ತಿ ಹಿಡಿಯಲಿಕ್ಕೆ. ಅವನನ್ನು ನೋಡಿ ಮಕ್ಕಳು ಹೆದರುವುದು ಬೇಡ ಎಂದು ಹೇಳಿಡು.

ಪ್ರತಿಯೊಂದು ಘಟ್ಟವನ್ನೂ ಮನಸ್ಸಿನಲ್ಲಿ ಹತ್ತಿ ಇಳಿದು ಇದನ್ನೆಲ್ಲ ಬರೆದಿದ್ದೇನೆ. ಕಣ್ಣು ಮುಚ್ಚಿದರೆ ಎಲ್ಲ ತಿರುವೂ ಕಾಣುತ್ತದೆ. ನಿಮ್ಮದು ಎಲ್ಲಕ್ಕಿಂತ ಸ್ಪಷ್ಟ.

ಬೈಕಿಗೆ ಎಂತದೂ ಆಗಲಿಲ್ಲ. ಬಸ್ಸಿನಲ್ಲಿ ಪ್ರಾಸ ಚೆನ್ನಾಗಿ ಹೊಳೆಯುತ್ತದೆ.

ಎರಡು ಗಿಡ್ಡ, ಒಂದು ಉದ್ದ. ನೀನು ಬೀಸಿದ್ದು ಕಂಡಿತು ಎಂದು ತಿಳಿದುಕೊ.

ಒಸ್ವಾಲ್ಡ್

*

ಸಾಪುತಾರಾ ಇಳಿಜಾರು
1 ಡಿಸೆಂಬರ್ 2024

ಒಸ್ವಾಲ್ಡ್ ಅವರಿಗೆ,

ನಿಮ್ಮ ಬೋಟು ನಿನ್ನೆ ದಾಟಿತು. ತಡವಾಗಲಿಲ್ಲ. ಯಾರಿಗೂ ಸಾರಿ ಹೇಳುವ ಅಗತ್ಯವಿಲ್ಲ. ನಿಮ್ಮನ್ನು ನಾನು ಇಪ್ಪತ್ತೊಂದು ವರ್ಷದಲ್ಲಿ ನೀವು ಎಂದು ಕರೆದವಳಲ್ಲ. ಈ ಪತ್ರ ಯಾರಿಗೆ ಬರೆಯುತ್ತಿದ್ದೇನೆ ಎಂದು ತಿಳಿಯುತ್ತಿಲ್ಲ, ಅದಕ್ಕೆ.

ಬೆಳಿಗ್ಗೆ ಕುಚ್ಚಲಕ್ಕಿ ಬೇಯಿಸಿದೆ. ಇಲ್ಲಿ ಬಂಗುಡೆ ಎಲ್ಲಿಂದ. ಒಣ ಸಿಗಡಿಯ ಚಟ್ನಿ ಅರೆದೆ. ಬಾಳೆ ಎಲೆಯೂ ಇಲ್ಲ, ಮುತ್ತುಗದ ಎಲೆಯಲ್ಲಿ ಕಟ್ಟಿದೆ. ಕೆಳಗೆ ಇಳಿಯಬಾರದು ಎಂದು ನೀವು ಎರಡು ಸಲ ಬರೆದದ್ದು ನೆನಪಿತ್ತು. ಬಿಳಿ ಬಟ್ಟೆ ಹಿಡಿದು ಜಗಲಿಯಲ್ಲಿಯೇ ನಿಂತೆ. ಹುಡುಗಿಯರೆಲ್ಲ ತಟ್ಟೆ ಹಿಡಿದುಕೊಂಡು ನನ್ನ ಹಿಂದೆ.

ಹಾರ್ನು ಕೇಳಿತು. ಎರಡು ಗಿಡ್ಡ, ಒಂದು ಉದ್ದ. ಬಟ್ಟೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಕಾಲು ತಾನಾಗಿಯೇ ಓಡಿತು. ಏಪ್ರನ್ನಿನಲ್ಲಿಯೇ, ಒಂದು ಚಪ್ಪಲಿ ದಾರಿಯಲ್ಲಿ ಬಿಟ್ಟು. ತಿರುವಿನ ಕಲ್ಲಿನ ಹತ್ತಿರ ಮುಟ್ಟುವಾಗ ಬೋಟು ಆಕಾಶಕ್ಕೆ ಅಡ್ಡವಾಗಿ ನಿಧಾನ ತಿರುಗುತ್ತಿತ್ತು. ಕಿಟಕಿಯಿಂದ ಕೈ ಹೊರಗೆ ಬಂತು. ನಾನು ಮುಖ ನೋಡಲಿಲ್ಲ, ಪೊಟ್ಟಣ ಕೊಟ್ಟೆ. ಕೊಟ್ಟ ಮೇಲೆ ನೋಡಿದೆ. ಆ ಕೈಯಲ್ಲಿ ಕೆಂಪು ದಾರ ಕಟ್ಟಿತ್ತು.

"ಅಯ್ಯೋ ಬಾಯಮ್ಮ!" ಎಂದ ಬೋಜ. ಹಿಂದಿನ ಗಾಡಿಗಳಿಗೆ ನಿಲ್ಲಲು ಕೈ ಮಾಡಿದ್ದಂತೆ ಅವನು. "ನೀವು ಕೆಳಗೆ ಬರ್ಲಿಕ್ಕಿಲ್ಲ ಅಂತ ಹೇಳಿದ್ರಲ್ಲ ಪೊರ್ಬುಲು!"

"ಅವರೆಲ್ಲಿ ಬೋಜ?"

ಅವನು ಗಾಡಿ ನಿಲ್ಲಿಸಿದ. ಇಳಿಜಾರಿನಲ್ಲಿ, ನಿಲ್ಲಿಸಲಿಕ್ಕಾಗುವುದಿಲ್ಲ ಎಂದು ನೀವು ಬರೆದ ಜಾಗದಲ್ಲಿ. ನಾನು ಆಚೆ ಬದಿಗೆ ಹೋಗಿ ಕ್ಯಾಬಿನ್ನಿನ ಬಾಗಿಲು ತೆಗೆದು ನೋಡಿದೆ. ಸೀಟಿನ ಹಿಂದೆ ಮಲಗುವ ಹಲಗೆಯನ್ನೂ ನೋಡಿದೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

"ಅವರು ಬರ್ಲಿಲ್ಲ ಬಾಯಮ್ಮ. ಆಫೀಸಲ್ಲೇ ಇದ್ದಾರೆ."

"ಮತ್ತೆ ಈ ಹಾರ್ನು?"

"ಹೊಡೀಲಿಕ್ಕೆ ಹೇಳಿದ್ದು ಅವರೇ. ಯಾರ್ಡಲ್ಲಿ ಪ್ರಾಕ್ಟೀಸ್ ಮಾಡಿಸಿದ್ರು. ಉದ್ದ ಸಾಲ್ದು, ಇನ್ನೂ ಎಳಿ, ಇನ್ನೂ ಎಳಿ ಅಂತ ಬೈದ್ರು. ಆಚೆ ಶೆಡ್ಡಿನವರು ಕಿವಿ ಮುಚ್ಕೊಂಡು ಜಗಳಕ್ಕೆ ಬಂದ್ರು."

"ಹುಷಾರಿಲ್ಲವಾ ಅವರಿಗೆ?"

"ಹುಷಾರುಂಟು." ಸ್ಟಿಯರಿಂಗ್ ನೋಡಿಕೊಂಡು ಹೇಳಿದ. "ಯಾಕೆ ಬರ್ಲಿಲ್ಲ ಅಂತ ನನ್ನ ಬಾಯಲ್ಲಿ ಕೇಳ್ಬೇಡಿ ಬಾಯಮ್ಮ. ಮೇರಿ ಮಾತೆಯ ಫೋಟೋ ಮುಟ್ಟಿಸಿ ಆಣೆ ಹಾಕ್ಸಿದ್ದಾರೆ. ನಾನು ಹಿಂದು, ನನಗೆ ತಾಗ್ಲಿಕ್ಕಿಲ್ಲ ಅಂತ ನೋಡಿದೆ, ಆದ್ರೂ ಹೆದ್ರಿಕೆ ಆಗ್ತದೆ."

ಪೊಟ್ಟಣ ವಾಪಸು ಕೊಡಲು ಬಂದ. ತೆಗೆದುಕೊಳ್ಳಲಿಲ್ಲ. ಅವನಾದರೂ ಉಣ್ಣಲಿ ಎಂದೆ. ಹಿಂದಿನವರು ಹಾರ್ನು ಹೊಡೆಯಲು ಶುರು ಮಾಡಿದರು, ಗಾಡಿ ಹೊರಟಿತು. ನಿಮ್ಮ ಪ್ರಾಸ ಹಿಂದುಗಡೆ ಗಾಳಿಗೆ ಪಟಪಟ ಎನ್ನುತ್ತಿತ್ತು. ಹತ್ತಿ ಬರುವಾಗ ಹುಡುಗಿಯರು ನನ್ನ ಚಪ್ಪಲಿ ಹಿಡಿದು ನಿಂತಿದ್ದರು. ಯಾರೂ ನಗಲಿಲ್ಲ.

ಈಗ ಎಲ್ಲ ಕೂಡಿಸಿ ನೋಡುತ್ತೇನೆ. ಕೆಳಗೆ ಬರಬೇಡ ಎಂದದ್ದು, ಮಕ್ಕಳಿಗೆ ನೀನು ಬೇಕು ಎಂದದ್ದು, ಇಲ್ಲಿ ನನಗೆ ಕಷ್ಟವಿಲ್ಲ ಎಂದದ್ದು. ಇನ್ನೊಬ್ಬನ ಕೈಯಲ್ಲಿ ಹಾರ್ನು ಹೊಡೆಸಿ ನನ್ನನ್ನು ಸಮಾಧಾನ ಮಾಡುವಷ್ಟು ನಿಮಗೆ ನಾನು ಸಾಕಾಗಿದ್ದೇನೆ ಎಂದಾದರೆ ನೇರ ಹೇಳಬಹುದಿತ್ತು. ಅದಕ್ಕೆ ಮೂರು ರಾಜ್ಯದ ದಾರಿ ಬರೆಯಬೇಕಿರಲಿಲ್ಲ.

ಇದೇ ತಿಂಗಳ ನಡುವಿನಲ್ಲಿ ಮದರ್‌ಗೆ ಹೌದು ಎಂದು ಹೇಳುತ್ತೇನೆ. ಹೊಸ ಪರದೆ ಚೆನ್ನಾಗಿದೆ.

ರೀನಾ

ಹಗ್ಗ ಬೋಜನ ಕೈಯಲ್ಲಾದರೂ ಕಳಿಸಬಹುದಿತ್ತು.

*

ಮೊಗ್ರಾಲು
7 ಡಿಸೆಂಬರ್ 2024

ಪೂಜ್ಯ ಸಭಾಧ್ಯಕ್ಷರೇ, ಘಟ್ಟಗಳ ದೊರೆಗಳೇ, ತಿರುವುಗಳ ಸದಸ್ಯರೇ, ಸದರಿ ಯೋಜನೆಯು ಯಶಸ್ವಿಯಾಗಿ ಮುಗಿದು ಬೋಟು ಉಕಾಯಿಯ ನೀರಿಗೆ ಇಳಿದಿರುತ್ತದೆ ಎಂದು ತಿಳಿಸಲು ಹರ್ಷಿಸುತ್ತಾ

ಇಲ್ಲ. ಆಗುವುದಿಲ್ಲ. ಸಭೆ ಇಲ್ಲ, ರೀನಾ. ಯಾವತ್ತೂ ಇರಲಿಲ್ಲ. ಮನೆಯಲ್ಲಿ ನಾನೊಬ್ಬ, ಕಿಟಕಿಯಾಚೆ ಹೆದ್ದಾರಿಯ ಗೋಡೆ.

ನನ್ನ ಬಲಗಣ್ಣು ಕಾಣುವುದಿಲ್ಲ. ಒಳಗೆ ಒತ್ತಡ ಹೆಚ್ಚಾಗಿ ನರ ಒಣಗಿದೆಯಂತೆ. ಜೂನಿನಲ್ಲಿ ಲೈಸೆನ್ಸ್ ಹೊಸದು ಮಾಡಲು ಕಣ್ಣಿನ ಸರ್ಟಿಫಿಕೇಟಿಗೆ ಹೋದಾಗ ಗೊತ್ತಾದದ್ದು. ಲಾರಿ ಹೋಯಿತು. ಬೈಕು ಮಾರಿದೆ. ಮುರಳೀಕೃಷ್ಣರು ಮೇಜು ಕೊಟ್ಟದ್ದು ಬಿ.ಎ. ನೋಡಿ ಅಲ್ಲ, ನನ್ನ ಮುಖ ನೋಡಿ. ಅಕ್ಷರ ದೊಡ್ಡದಾದದ್ದು, ಸಾಲು ಜಾರಿದ್ದು ಎಲ್ಲ ಅದಕ್ಕೇ. ನೀನು ಸರಿಯಾಗಿಯೇ ಕೇಳಿದ್ದಿ, ನಾನು ಪ್ರಾಸ ಹೇಳಿ ತಪ್ಪಿಸಿಕೊಂಡೆ. ನಾನೇ ಓಡಿಸುತ್ತೇನೆ ಎಂದು ಒಂದು ಪತ್ರದಲ್ಲಿಯೂ ಬರೆದಿಲ್ಲ, ತೆಗೆದು ನೋಡು. ವಕೀಲನ ಹಾಗೆ ಜಾಗ್ರತೆ ಮಾಡಿ ಬರೆದೆ. ಬೋಟಿಗೆ ನಿಮ್ಮ ಗುಡ್ಡೆ ಹತ್ತುವ ಅಗತ್ಯವೇ ಇರಲಿಲ್ಲ. ಸೂರತ್ ಮೂಲಕ ಆರಾಮ ಹೋಗುತ್ತಿತ್ತು. ನನ್ನಿಂದ ಒಂದಾದರೂ ಸದ್ದು ನಿನ್ನ ಜಗಲಿಗೆ ಮುಟ್ಟಲಿ ಎಂದು ಹತ್ತಿಸಿದೆ. ನೀನು ದೂರದಿಂದ ಬಟ್ಟೆ ಬೀಸಿ, ಅವನೇ ಹೋದ ಎಂದುಕೊಂಡು ಒಳಗೆ ಹೋಗುತ್ತಿ ಎಂದು ಲೆಕ್ಕ ಹಾಕಿದ್ದೆ. ಎಲ್ಲ ತಿರುವಿನ ಲೆಕ್ಕ ಸರಿ ಬಂತು. ಆ ಹಾರ್ನು ಕೇಳಿದ ಮೇಲೆ ನೀನು ನಿಂತಲ್ಲಿ ನಿಲ್ಲುವವಳಲ್ಲ ಎಂಬುದೊಂದು ಮರೆತೆ.

ಹೇಳಿದರೆ ನೀನು ಆ ಮಕ್ಕಳನ್ನು ಬಿಟ್ಟು ಮರುದಿನವೇ ಬರುತ್ತಿದ್ದಿ. ಪಾಪ ಎಂದು ಬರುತ್ತಿದ್ದಿ. ಅದು ನನಗೆ ಬೇಡವಾಗಿತ್ತು. ಮಕ್ಕಳಿಗೆ ನೀನು ಬೇಕು ಎಂದು ಬರೆದ ದಿನ ಸಂಜೆ ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿ ಕಾಸರಗೋಡಿನವರೆಗೆ ಹೋಗಿಬಿಟ್ಟೆ.

ಹಗ್ಗ ಕಳಿಸಲಿಲ್ಲ. ಕಳಿಸುವುದಿಲ್ಲ. ಅದು ಮಂಚದ ಕಂಬಕ್ಕೆ ಸುತ್ತಿ ಇಟ್ಟಿದ್ದೇನೆ, ಗಂಟು ಬಿಚ್ಚಿಲ್ಲ. ಅಕ್ಕನಿಗೆ ಹೊಸದು ತೆಗೆದುಕೊಡುತ್ತೇನೆ.

ಮದರ್‌ಗೆ ಹೌದು ಎನ್ನುವುದಾದರೆ ಎನ್ನು. ನಾನೇ ರೈಲು ಹತ್ತಿ ಬರುತ್ತೇನೆ. ತೆಂಗಿನಕಾಯಿ ತುರಿಯಲಿಕ್ಕೆ ಒಂದು ಕಣ್ಣು ಸಾಕು, ಹೇನು ಹೆಕ್ಕಲಿಕ್ಕೆ ಮಾತ್ರ ಕರೆಯಬೇಡ. ಇಲ್ಲ ಎನ್ನುವುದಾದರೆ ಬಾ. ಯಾರು ಎಲ್ಲಿಂದ ಎಲ್ಲಿಗೆ ಎಂದು ನೀನು ನಿಶ್ಚಯ ಮಾಡು, ನನಗೆ ದಾರಿ ಬರೆದು ಸಾಕಾಗಿದೆ.

ಎಡಗಣ್ಣಿನ ಬಗ್ಗೆ ಡಾಕ್ಟರು ಮಾತು ಕೊಡಲಿಲ್ಲ. ನನಗೆ ಹೆದರಿಕೆಯಾಗುತ್ತದೆ, ರೀನಾ. ಅದು ಇರುವಾಗ ನಿನ್ನ ಮುಖ ನೋಡಬೇಕು.